ನಿಮಗಿದು ಗೊತ್ತೇ? ಯುದ್ಧ ಮುಗಿದ ಮೇಲೆ ಹೆಣ್ಣುಮಕ್ಕಳ ಪಾಲಿಗೆ ಬಂದದ್ದು

ಬಂದೂಕು ಇಲ್ಲ ಎಂಬ ಕಾರಣಕ್ಕೆ ಪರಿಹಾರ ತಪ್ಪಿಹೋದ ಹೆಣ್ಣುಮಕ್ಕಳಿದ್ದಾರೆ, ಗೊತ್ತೇ? ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಆಯುಧ ಒಪ್ಪಿಸಿದವರಿಗೆ ಹಣ, ಕಸುಬಿನ ತರಬೇತಿ, ಊರಿಗೆ ಮರಳಲು ನೆರವು ಎಂದಾಯಿತು. ನೋಂದಣಿ ಮೇಜಿನ ಮುಂದೆ ಒಂದು ಪರೀಕ್ಷೆ ಇತ್ತು: ಬಂದೂಕು ತಂದಿದ್ದೀಯಾ? ತಂದಿದ್ದರೆ ಬಿಚ್ಚಿ, ಮತ್ತೆ ಜೋಡಿಸಿ ತೋರಿಸು. ಬಂಡುಕೋರರು ಹೊತ್ತೊಯ್ದಿದ್ದ ಹುಡುಗಿಯರು ವರ್ಷಗಟ್ಟಲೆ ಮದ್ದುಗುಂಡು ಹೊತ್ತಿದ್ದರು, ಬೇಯಿಸಿ ಹಾಕಿದ್ದರು, ಗಾಯಾಳುಗಳ ಆರೈಕೆ ಮಾಡಿದ್ದರು, ಬೇಹುಗಾರಿಕೆಗೆ ಹೋಗಿದ್ದರು. ಎಷ್ಟೋ ಮಂದಿ ಹೋರಾಡಿಯೂ ಇದ್ದರು. ಕಮಾಂಡರು ಅವರ ಕೈಯ ಬಂದೂಕು ಕಿತ್ತು ಬೇರೆಯವರಿಗೆ ಕೊಟ್ಟರೆ ಅಲ್ಲಿಗೆ ಕಥೆ ಮುಗಿಯಿತು, ಪಟ್ಟಿಯಲ್ಲಿ ಹೆಸರಿಲ್ಲ. ಆಯುಧ ಒಪ್ಪಿಸಿದ 72 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಹೆಂಗಸರು 4,751. ನೂರಕ್ಕೆ ಏಳು ಮಂದಿಯೂ ಇಲ್ಲ.

ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ದಿನ ನಾಯಕರ ಕೈಕುಲುಕಾಟ ಮುಖಪುಟಕ್ಕೆ ಬರುತ್ತದೆ. ಒಬ್ಬ ಹೆಣ್ಣುಮಗಳಿಗೆ ಆ ಶಾಂತಿಯಲ್ಲಿ ಪಾಲು ಸಿಗುತ್ತದೋ ಇಲ್ಲವೋ ಎಂಬುದು ಮಾತ್ರ ಎಷ್ಟೋ ಸಲ ನಿಯಮಾವಳಿಯ ಒಂದು ಸಾಲಿನಲ್ಲಿ ತೀರ್ಮಾನವಾಗುತ್ತದೆ. ಈ ಸಲದ ಅಂಕಣದಲ್ಲಿ ಅಂಥ ಸಾಲುಗಳನ್ನೇ ಹೆಕ್ಕಿದ್ದೇನೆ.

ಸಿಯೆರಾ ಲಿಯೋನ್‌ನ ಪಕ್ಕದ ಲೈಬೀರಿಯ ಈ ಪಾಠ ಕಲಿತಿತ್ತು. 2003ರ ಕೊನೆಗೆ ಅಲ್ಲಿ ನಿಶ್ಶಸ್ತ್ರೀಕರಣ ಶುರುವಾದಾಗ, ಪಡೆಗಳ ಜೊತೆಗಿದ್ದ ಹೆಂಗಸರು ಮತ್ತು ಮಕ್ಕಳು ಆಯುಧ ತರಲೇಬೇಕೆಂಬ ಷರತ್ತನ್ನು ಕೈಬಿಟ್ಟರು. ಅಲ್ಲಿ ಹೆಸರು ಬರೆಸಿದ ಸುಮಾರು 1,03,000 ಮಂದಿಯಲ್ಲಿ 22,000ಕ್ಕೂ ಹೆಚ್ಚು ಹೆಂಗಸರು. ಅಂದುಕೊಂಡಿದ್ದು 38,000 ಮಂದಿ ಬರಬಹುದೆಂದು. ಬಂದವರು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹೋರಾಟಕ್ಕೆ ಸಂಬಂಧವೇ ಇಲ್ಲದವರೂ ಸಾಲಿನಲ್ಲಿ ನಿಂತಿದ್ದರು, ದುಡ್ಡು ಸಾಲದೆ ಹೋಯಿತು ಎಂಬ ದೂರು ನಿಜ. ಆದರೂ ಅನರ್ಹರು ಒಂದಿಷ್ಟು ಮಂದಿ ಒಳಗೆ ಬಂದದ್ದಕ್ಕಿಂತ, ಸಾವಿರಾರು ಸಂತ್ರಸ್ತೆಯರು ಹೊರಗೆ ಉಳಿದದ್ದೇ ದೊಡ್ಡ ಅನ್ಯಾಯ ಎಂದು ನನಗನಿಸುತ್ತದೆ.

ಅದೇ ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯ 2008ರಲ್ಲಿ ಹೊತ್ತೊಯ್ದು ‘ಹೆಂಡತಿ’ ಮಾಡಿಕೊಳ್ಳುವ ಬಲವಂತದ ಮದುವೆಯನ್ನು ಮಾನವೀಯತೆಯ ವಿರುದ್ಧದ ಅಪರಾಧವೆಂದು ತೀರ್ಮಾನಿಸಿತು. ಅಂತರರಾಷ್ಟ್ರೀಯ ನ್ಯಾಯದ ಇತಿಹಾಸದಲ್ಲಿ ಅದೇ ಮೊದಲು.

ಲೈಬೀರಿಯದ ಯುದ್ಧ ನಿಲ್ಲಿಸಲು ಹೆಂಗಸರು ಬಿಳಿ ಬಟ್ಟೆ ತೊಟ್ಟು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿ ಬಿಸಿಲು ಮಳೆ ಎನ್ನದೆ ಕೂತರು. ಕ್ರೈಸ್ತರೂ ಮುಸ್ಲಿಮರೂ ಒಟ್ಟಿಗೆ. 2003ರಲ್ಲಿ ಘಾನಾದ ಅಕ್ರಾದಲ್ಲಿ ಮಾತುಕತೆ ಎಳೆದಾಡತೊಡಗಿದಾಗ ಲೇಮಾ ಗ್ಬೋವಿ ಮತ್ತು ಸಂಗಾತಿಗಳು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಳಗಿದ್ದವರನ್ನು ಹೊರಗೆ ಬಿಡುವುದಿಲ್ಲವೆಂದರು. ಆಗಸ್ಟ್ 18ರಂದು ಒಪ್ಪಂದವಾಯಿತು. ಗ್ಬೋವಿಗೆ 2011ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಲೈಬೀರಿಯದ ಆಗಿನ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಮತ್ತು ಯೆಮೆನ್‌ನ ತವಕ್ಕುಲ್ ಕರ್ಮಾನ್ ಜೊತೆಗೆ.

ಇನ್ನೊಂದು ಸಂಗತಿ ನಮ್ಮವರದ್ದೇ. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದ ಜಗತ್ತಿನ ಮೊಟ್ಟಮೊದಲ ಪೂರ್ಣ ಮಹಿಳಾ ಪೊಲೀಸ್ ತುಕಡಿ ಭಾರತದ್ದು. ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು 2007ರ ಜನವರಿಯಲ್ಲಿ ಮನ್ರೋವಿಯಾದಲ್ಲಿ ಇಳಿದರು. ಮೊದಲ ತುಕಡಿಯ ಕಮಾಂಡರ್ ಸೀಮಾ ಧುಂಡಿಯಾ. ಅಧ್ಯಕ್ಷರ ಕಚೇರಿಯ ಕಾವಲು, ಗಲಭೆ ನಿಯಂತ್ರಣ, ರಾತ್ರಿ ಗಸ್ತು ಎಲ್ಲವೂ ಅವರ ಕೆಲಸವಾಗಿತ್ತು. ವರ್ಷಕ್ಕೊಮ್ಮೆ ತಂಡ ಬದಲಾಗುತ್ತ 2016ರ ಫೆಬ್ರುವರಿವರೆಗೆ ಅವರು ಅಲ್ಲಿದ್ದರು. ಯುದ್ಧದುದ್ದಕ್ಕೂ ಸಮವಸ್ತ್ರ ಕಂಡರೆ ನಡುಗುತ್ತಿದ್ದ ಊರದು. ಅಂಥಲ್ಲಿ ನೀಲಿ ಶಿರಸ್ತ್ರಾಣದ ಹೆಂಗಸರು ಬೀದಿಯಲ್ಲಿ ಗಸ್ತು ತಿರುಗಿದ್ದನ್ನು ನೋಡಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಲೈಬೀರಿಯದ ಯುವತಿಯರಿದ್ದಾರೆ. ಈ ವಿಷಯ ನಮ್ಮ ಶಾಲೆಯ ಪಠ್ಯದಲ್ಲಿ ಇರಬೇಕಿತ್ತು.

ಹಾಳಾದ ಊರುಗಳನ್ನು ಕಟ್ಟುವಾಗ ಗಂಡಸರು ಹೆಂಗಸರು ಒಟ್ಟಿಗೆ ಕೂತು ತೀರ್ಮಾನಿಸಿದರೆ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ? ಇದನ್ನೂ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಜೇಮ್ಸ್ ಫಿಯರನ್, ಮಕಾರ್ಟನ್ ಹಂಫ್ರೀಸ್, ಜೆರೆಮಿ ವೈನ್‌ಸ್ಟೈನ್ ಎಂಬ ಮೂವರು ಸಂಶೋಧಕರು ಉತ್ತರ ಲೈಬೀರಿಯದ 83 ಸಮುದಾಯಗಳನ್ನು ಆರಿಸಿಕೊಂಡರು. ಸುಮಾರು ಅರ್ಧದಷ್ಟು ಸಮುದಾಯಗಳಿಗೆ ಲಾಟರಿ ಎತ್ತಿ ಪುನರ್ನಿರ್ಮಾಣ ಯೋಜನೆ ಕೊಡಲಾಯಿತು. ಅಲ್ಲಿ ಊರವರೇ ಸಮಿತಿ ಆರಿಸಿ ಶಾಲೆ, ಬಾವಿ, ಶೌಚಾಲಯ ಯಾವುದು ಬೇಕೆಂದು ನಿರ್ಧರಿಸಬೇಕಿತ್ತು. ಯೋಜನೆ ಮುಗಿದ ಮೇಲೆ ಸಂಶೋಧಕರು ಬೇರೆಯೇ ಪರೀಕ್ಷೆಯೊಂದನ್ನು ಒಡ್ಡಿದರು. ಊರಿನ ಕೆಲವರ ಕೈಗೆ ಒಂದಿಷ್ಟು ಹಣ ಕೊಟ್ಟರು. ಅದನ್ನು ಪೂರ್ತಿ ತಾನೇ ಇಟ್ಟುಕೊಳ್ಳಬಹುದು, ಇಲ್ಲವೇ ಗುಟ್ಟಾಗಿ ಊರಿನ ನಿಧಿಗೆ ಹಾಕಬಹುದು. ಕೆಲವು ಕಡೆ ಆಟಕ್ಕೆ ಕೂತವರು ಬರೀ ಹೆಂಗಸರು, ಉಳಿದೆಡೆ ಇಬ್ಬರೂ.

ಫಲಿತಾಂಶ ಯೋಚನೆಗೆ ಹಚ್ಚುವಂಥದ್ದು. ಇಬ್ಬರೂ ಕೂತ ಕಡೆ, ಯೋಜನೆ ಕಂಡಿದ್ದ ಊರುಗಳು ಕಾಣದ ಊರುಗಳಿಗಿಂತ ಹೆಚ್ಚು ಹಣ ಹಾಕಿದವು. ಬರೀ ಹೆಂಗಸರು ಕೂತ ಕಡೆ ಯೋಜನೆಯಿಂದ ಏನೂ ವ್ಯತ್ಯಾಸ ಕಾಣಲಿಲ್ಲ, ಏಕೆಂದರೆ ಅವರು ಯೋಜನೆ ಇದ್ದರೂ ಇಲ್ಲದಿದ್ದರೂ ಧಾರಾಳವಾಗಿ ಹಾಕುತ್ತಿದ್ದರು. ಒಟ್ಟಾಗಿ ದುಡಿಯುವ ಕಟ್ಟು ಹೆಂಗಸರ ನಡುವೆ ಮೊದಲೇ ಇತ್ತು. ಹೊರಗಿನವರು ಬಂದು ಕಟ್ಟಬೇಕಾಗಿದ್ದದ್ದು ಗಂಡಸರಿಗೂ ಹೆಂಗಸರಿಗೂ ನಡುವಿನ ಸೇತುವೆಯನ್ನು. ನೆರವು ಕೊಡುವ ಸಂಸ್ಥೆಗಳು ಈ ಪ್ರಬಂಧವನ್ನು ಮತ್ತೆ ಮತ್ತೆ ಓದಬೇಕು.

ಎಲ್ಲ ಕಡೆ ಹೀಗೇ ಆಯಿತೆಂದಲ್ಲ. ಸಿಯೆರಾ ಲಿಯೋನ್‌ನ 236 ಹಳ್ಳಿಗಳಲ್ಲಿ ಕೇಸಿ, ಗ್ಲೆನರ್ಸ್ಟರ್, ಮಿಗೆಲ್ ನಡೆಸಿದ ಇಂಥದೇ ಅಧ್ಯಯನದಲ್ಲಿ ಕಟ್ಟಡಗಳು ಚೆನ್ನಾಗಿಯೇ ಎದ್ದವು. ಸಭೆಯಲ್ಲಿ ಹೆಣ್ಣುಮಕ್ಕಳ ದನಿ ಮಾತ್ರ ಮೊದಲಿನಷ್ಟೇ ಉಳಿಯಿತು.

ಆಫ್ಘಾನಿಸ್ತಾನದ್ದು 500 ಹಳ್ಳಿಗಳ ಪ್ರಯೋಗ. ಅರ್ಧ ಹಳ್ಳಿಗಳಲ್ಲಿ ಅಭಿವೃದ್ಧಿ ಸಮಿತಿಗೆ ಹೆಂಗಸರನ್ನೂ ಆರಿಸಲೇಬೇಕೆಂಬ ನಿಯಮದೊಂದಿಗೆ ಅನುದಾನ ಬಂತು. ಹೆಂಗಸರ ಓಡಾಟ ಹೆಚ್ಚಿತು, ಆದಾಯ ಹೆಚ್ಚಿತು, ಊರಿನ ವ್ಯವಹಾರದಲ್ಲಿ ಪಾಲ್ಗೊಳ್ಳುವುದೂ ಹೆಚ್ಚಿತು. ಮನೆಯೊಳಗಿನ ತೀರ್ಮಾನದಲ್ಲಿ ಅವರ ಮಾತಿಗೆ ಬೆಲೆ ಹೆಚ್ಚಿದ್ದು ಕಾಣಲಿಲ್ಲ. 2004ರ ಸಂವಿಧಾನ ಅಲ್ಲಿನ ಕೆಳಮನೆಯ 249 ಸ್ಥಾನಗಳಲ್ಲಿ 68ನ್ನು ಹೆಂಗಸರಿಗೆ ಮೀಸಲಿಟ್ಟಿತ್ತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂದ ಮೇಲೆ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆಯ ಬಾಗಿಲೇ ಮುಚ್ಚಿತು. ಆ ಹಳ್ಳಿಗಳಲ್ಲಿ ಸಮಿತಿಗೆ ಕೂತಿದ್ದ ತಾಯಂದಿರನ್ನು ನೆನೆದರೆ ಸಂಕಟವಾಗುತ್ತದೆ.

ಜಗತ್ತಿನಲ್ಲಿ ಮೊದಲ ಬಾರಿಗೆ ಹೆಂಗಸರೇ ಬಹುಮತದಲ್ಲಿರುವ ಸಂಸತ್ತು ಎಲ್ಲಿ ಬಂತು? ರುವಾಂಡಾದಲ್ಲಿ, 2008ರಲ್ಲಿ. 80ರಲ್ಲಿ 45 ಮಂದಿ. 1994ರ ನರಮೇಧದಲ್ಲಿ ನೂರು ದಿನಗಳೊಳಗೆ ಸುಮಾರು ಎಂಟು ಲಕ್ಷ ಜನ ಸತ್ತರು. ಗಂಡಸರು ಕೊಲೆಯಾದರು, ಓಡಿಹೋದರು, ಜೈಲು ಸೇರಿದರು. ಮನೆ ಉಳಿಸಿಕೊಂಡವರು ಹೆಂಗಸರು. ಆದರೆ ಆ ಮನೆ, ಆ ಹೊಲ ಕಾನೂನಿನಲ್ಲಿ ಅವರದ್ದಲ್ಲ. ವಿಧವೆಯರು ತಾವೇ ಉತ್ತ ಹೊಲಕ್ಕಾಗಿ ಮೈದುನರ ಬಳಿ ಕೈಚಾಚಬೇಕಿತ್ತು. 1999ರ ಉತ್ತರಾಧಿಕಾರ ಕಾನೂನು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ನನ್ನ ಲೆಕ್ಕದಲ್ಲಿ ರುವಾಂಡಾದ ನಿಜವಾದ ತಿರುವು ಅದು, ಸಂಸತ್ತಿನ ಸಂಖ್ಯೆಗಿಂತ ದೊಡ್ಡದು. ಸಂಸತ್ತಿನಲ್ಲಿ ಹೆಂಗಸರು ಎಷ್ಟೇ ಇದ್ದರೂ ಆಳುವ ಪಕ್ಷವನ್ನು ಎದುರಿಸಿ ಮಾತಾಡುವುದು ಅಲ್ಲಿ ಇಂದಿಗೂ ಕಷ್ಟ, ಇದನ್ನೂ ಹೇಳಿಬಿಡಬೇಕು.

ಅತ್ಯಾಚಾರವೂ ನರಮೇಧದ ಆಯುಧವಾಗಬಲ್ಲದು ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ಮೊದಲು ಹೇಳಿದ್ದು 1998ರ ಸೆಪ್ಟೆಂಬರ್ 2ರಂದು, ತಾಂಜಾನಿಯಾದ ಅರುಷಾದಲ್ಲಿ. ಆರೋಪಿ ರುವಾಂಡಾದ ತಾಬಾ ಪ್ರದೇಶದ ಆಡಳಿತಗಾರ ಜಾನ್ ಪಾಲ್ ಅಕಾಯೇಸು. ಅವನ ಮೇಲಿನ ಮೊದಲ ದೋಷಾರೋಪ ಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ! ವಿಚಾರಣೆ ನಡೆಯುತ್ತಿದ್ದಾಗ ಸಾಕ್ಷಿಯೊಬ್ಬಳು, ಬೇರೆ ವಿಷಯ ಹೇಳುತ್ತ, ತನ್ನ ಎಳೆಯ ಮಗಳ ಮೇಲೆ ನಡೆದದ್ದನ್ನೂ ಹೇಳಿದಳು. ಪೀಠದಲ್ಲಿದ್ದ ಒಬ್ಬಳೇ ಮಹಿಳಾ ನ್ಯಾಯಮೂರ್ತಿ, ದಕ್ಷಿಣ ಆಫ್ರಿಕಾದ ತಮಿಳು ಮೂಲದ ನವನೀತಂ ಪಿಳ್ಳೈ, ಆ ಎಳೆಯನ್ನು ಬಿಡದೆ ಪ್ರಶ್ನೆ ಕೇಳಿದರು. ಮತ್ತೆ ತನಿಖೆಯಾಗಿ, 1997ರ ಜೂನ್‌ನಲ್ಲಿ ಪಟ್ಟಿ ತಿದ್ದುಪಡಿಯಾಯಿತು. ಆ ದಿನ ಪೀಠದಲ್ಲಿ ಅವರಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮೈ ಜುಂ ಎನ್ನುತ್ತದೆ.

ಹೆಣ್ಣೆಂದ ಮಾತ್ರಕ್ಕೆ ಶಾಂತಿದೂತೆ ಅಲ್ಲ, ಇದೂ ಗೊತ್ತಿರಲಿ. ನರಮೇಧದ ಅಪರಾಧಕ್ಕೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯಿಂದ ಶಿಕ್ಷೆಯಾದ ಮೊದಲ ಹೆಣ್ಣು ಪೋಲಿನ್ ನಿರಮಸುಹುಕೊ. 1994ರಲ್ಲಿ ಆಕೆ ರುವಾಂಡಾದ ಕುಟುಂಬ ಮತ್ತು ಮಹಿಳಾ ಅಭಿವೃದ್ಧಿ ಸಚಿವೆ.

ಸೋಮಾಲಿಯಾದಲ್ಲಿ ಮಾತುಕತೆಯ ಮೇಜಿಗೆ ಕುಲದ ಹೆಸರಿನಲ್ಲಿಯೇ ಬರಬೇಕು. ಕುಲಗಳು ಗಂಡಸರನ್ನೇ ಕಳಿಸುತ್ತವೆ. ಹಾಗಾದರೆ ಹೆಂಗಸರು? 2000ದಲ್ಲಿ ಜಿಬೂಟಿಯ ಆರ್ತಾದಲ್ಲಿ ಸಭೆ ಸೇರಿದಾಗ ಆಶಾ ಹಗಿ ಎಲ್ಮಿ ಮತ್ತು ಸಂಗಾತಿಗಳು ‘ನಾವು ಆರನೆಯ ಕುಲ’ ಎಂದು ಘೋಷಿಸಿಕೊಂಡು ಕೂತರು. ಅಪ್ಪನ ಕುಲವೊಂದು, ಗಂಡನ ಕುಲವೊಂದು, ಎರಡೂ ಕಡೆ ಪೂರ್ತಿ ತನ್ನವಳೆನಿಸದ ಹೆಣ್ಣಿಗೆ ಇದಕ್ಕಿಂತ ಸರಿಯಾದ ಉಪಾಯ ಬೇರೆ ಇರಲಿಲ್ಲ.

ಫಿಲಿಪ್ಪೀನ್ಸ್‌ನ ಮಿರಿಯಂ ಕೊರೊನೆಲ್ ಫೆರರ್ ಸರ್ಕಾರದ ಮುಖ್ಯ ಸಂಧಾನಕಾರ್ತಿಯಾಗಿ 2014ರ ಮಾರ್ಚ್‌ನಲ್ಲಿ ಮಿಂಡನಾವೊದ ಬಂಡುಕೋರರೊಂದಿಗೆ ಅಂತಿಮ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಇಂಥ ಹುದ್ದೆಯಿಂದ ಅಂತಿಮ ಒಪ್ಪಂದಕ್ಕೆ ಸಹಿ ಮಾಡಿದ ಜಗತ್ತಿನ ಮೊದಲ ಮಹಿಳೆ ಅವರು.

ಉತ್ತರ ಐರ್ಲೆಂಡಿನಲ್ಲಿ 1996ರ ಚುನಾವಣೆಗೆ ಕೆಲವೇ ವಾರ ಮುಂಚೆ ಹುಟ್ಟಿದ ಮಹಿಳಾ ಒಕ್ಕೂಟಕ್ಕೆ ಬಿದ್ದದ್ದು ನೂರಕ್ಕೆ ಒಂದು ಮತ. ಮೊದಲ ಹತ್ತು ಪಕ್ಷಗಳಿಗೆ ಎರಡೆರಡು ಸ್ಥಾನ ಎಂಬ ನಿಯಮ ಇದ್ದದ್ದರಿಂದ ಅವರು ಮೇಜಿಗೆ ಬಂದರು. 1998ರ ಒಪ್ಪಂದದಲ್ಲಿ ಸಂತ್ರಸ್ತರ ವಿಷಯವೂ ಎರಡು ಪಂಗಡದ ಮಕ್ಕಳು ಒಟ್ಟಿಗೆ ಓದುವ ಶಾಲೆಯ ವಿಷಯವೂ ಸೇರಿದ್ದರಲ್ಲಿ ಅವರ ಪಾತ್ರ ದೊಡ್ಡದು.

ಶಾಂತಿ ಮಾತುಕತೆಯಲ್ಲಿ ಹೆಂಗಸರಿಗೆ ಪಾಲಿರಬೇಕೆಂದು ಭದ್ರತಾ ಮಂಡಳಿ 1325ನೇ ನಿರ್ಣಯದಲ್ಲಿ ಹೇಳಿದ್ದು 2000ದ ಅಕ್ಟೋಬರ್ 31ರಂದು. ದೊಡ್ಡ ದೇಶಗಳು ತಂದದ್ದಲ್ಲ ಅದು. ಆ ತಿಂಗಳು ಅಧ್ಯಕ್ಷ ಪೀಠದಲ್ಲಿದ್ದದ್ದು ಸ್ವತಂತ್ರವಾಗಿ ಹತ್ತೇ ವರ್ಷವಾಗಿದ್ದ ನಮೀಬಿಯಾ. ಅದಕ್ಕೂ ಮುಂಚೆ, ಅದೇ ವರ್ಷದ ಮಾರ್ಚ್‌ನಲ್ಲಿ ವಿಷಯವನ್ನು ಮಂಡಳಿಯಲ್ಲಿ ಎತ್ತಿದವರು ಬಾಂಗ್ಲಾದೇಶದ ಅನ್ವಾರುಲ್ ಚೌಧುರಿ.

ಕೊನೆಗೆ ನೆರೆಯ ನೇಪಾಳ. 1996ರಿಂದ 2006ರವರೆಗಿನ ಮಾವೊವಾದಿ ಯುದ್ಧದ ನಂತರ ವಿಶ್ವಸಂಸ್ಥೆ ಪರಿಶೀಲಿಸಿ ದಾಖಲಿಸಿದ 19,602 ಹೋರಾಟಗಾರರಲ್ಲಿ 3,846 ಮಂದಿ ಹೆಂಗಸರು. ಯುದ್ಧಪೀಡಿತರಿಗೆ ಸರ್ಕಾರ ಮಧ್ಯಂತರ ಪರಿಹಾರ ಕೊಟ್ಟಿತು. ಸತ್ತವರ ಮನೆಯವರಿಗೆ, ಕಾಣೆಯಾದವರ ಮನೆಯವರಿಗೆ, ಅಂಗವಿಕಲರಾದವರಿಗೆ. ಅತ್ಯಾಚಾರಕ್ಕೆ ಒಳಗಾದವರು ಆ ಪಟ್ಟಿಯಲ್ಲಿರಲಿಲ್ಲ.

ಸ್ಥಳೀಯ ಸಂಸ್ಥೆಗಳ ಚುನಾವಣೆಯ ಇನ್ನೊಂದು ನಿಯಮ ಮಾತ್ರ ಅಲ್ಲಿನ ಹಳ್ಳಿಹಳ್ಳಿಯ ಚಿತ್ರವನ್ನೇ ಬದಲಿಸಿತು. ಪ್ರತಿ ವಾರ್ಡಿನ ಐವರಲ್ಲಿ ಇಬ್ಬರು ಹೆಂಗಸರು, ಅವರಲ್ಲಿ ಒಬ್ಬಳು ದಲಿತೆ. ಪಕ್ಷವೊಂದು ಮುಖ್ಯಸ್ಥ ಮತ್ತು ಉಪಮುಖ್ಯಸ್ಥ ಎರಡೂ ಸ್ಥಾನಕ್ಕೆ ಸ್ಪರ್ಧಿಸಿದರೆ ಒಂದರಲ್ಲಿ ಹೆಣ್ಣಿರಬೇಕು. 2017ರ ಚುನಾವಣೆಯಲ್ಲಿ ಗೆದ್ದವರಲ್ಲಿ ನೂರಕ್ಕೆ ಸುಮಾರು 41 ಮಂದಿ ಹೆಂಗಸರು. ಸಾವಿರಾರು ದಲಿತ ಹೆಣ್ಣುಮಕ್ಕಳು ಮೊದಲ ಬಾರಿಗೆ ಸರ್ಕಾರದ ಕುರ್ಚಿಯಲ್ಲಿ ಕೂತರು. ಪಕ್ಷಗಳು ಮಾತ್ರ ‘ಒಂದರಲ್ಲಿ’ ಎಂಬುದನ್ನು ‘ಎರಡನೆಯದರಲ್ಲಿ’ ಎಂದೇ ಓದಿಕೊಂಡವು. 753 ಸ್ಥಳೀಯ ಸಂಸ್ಥೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಉಪಸ್ಥಾನ ಹೆಂಗಸರದ್ದು, ಮುಖ್ಯಸ್ಥೆಯರು ಬರೀ 18.

ಆ ಉಪಸ್ಥಾನಕ್ಕೂ ಒಂದು ತೂಕವಿದೆ. ಸಂವಿಧಾನದ 217ನೇ ವಿಧಿಯಂತೆ ಊರಿನ ಮೂವರ ನ್ಯಾಯ ಸಮಿತಿಗೆ ಉಪಮುಖ್ಯಸ್ಥರೇ ಮುಂದಾಳು. ಬದುವಿನ ಜಗಳ, ಬಾಕಿ ಕೂಲಿ, ಮುಪ್ಪಿನ ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳ ಮೇಲಿನ ದೂರು ಎಲ್ಲವೂ ಆಕೆಯ ಮುಂದೆ ಬರುತ್ತವೆ. ಕಚೇರಿಗೆ ಕಾಲಿಡಲು ಅಂಜುತ್ತಿದ್ದ ಹೆಂಗಸರು, ಕೂತಿರುವವಳೂ ಹೆಂಗಸೇ ಎಂದು ಬರುತ್ತಾರೆ.

2022ರಲ್ಲಿ ಪಕ್ಷಗಳು ಮೈತ್ರಿ ಮಾಡಿಕೊಂಡವು. ಒಂದು ಪಕ್ಷ ಮುಖ್ಯ ಸ್ಥಾನಕ್ಕೆ, ಇನ್ನೊಂದು ಉಪಸ್ಥಾನಕ್ಕೆ. ಎರಡಕ್ಕೂ ಒಂದೇ ಪಕ್ಷ ನಿಲ್ಲದ ಕಡೆ ನಿಯಮ ಅನ್ವಯಿಸಲಿಲ್ಲ. ಉಪಸ್ಥಾನದ ಹೆಂಗಸರ ಪಾಲು ಮುಕ್ಕಾಲರಷ್ಟಕ್ಕೆ ಇಳಿಯಿತು. ಮುಖ್ಯಸ್ಥೆಯರು 18ರಿಂದ 25ಕ್ಕೆ ಏರಿದರು. ಮೈತ್ರಿಗೂ ನಿಯಮ ಅನ್ವಯಿಸಲಿ, ಮೊದಲ ಸ್ಥಾನದಲ್ಲೂ ಪಾಲು ಕೊಡಿ ಎಂದು ಅಲ್ಲಿನ ಮಹಿಳಾ ಸಂಘಟನೆಗಳು ಕೇಳುತ್ತಿವೆ. ಈಗಿನವರ ಐದು ವರ್ಷದ ಅವಧಿ 2027ರಲ್ಲಿ ಮುಗಿಯುತ್ತದೆ.