ವರ್ತನೆಯನ್ನು ಅಳೆಯುವ ವಿದ್ಯೆ

ನೀರು ಎಷ್ಟು ಬಿಸಿಯಾಗಿದೆಯೆಂಬುದನ್ನು ಉಷ್ಣಮಾಪಕವು ತಿಳಿಸುತ್ತದೆ. ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತಿದೆಯೆಂಬುದನ್ನು ಆಮ್ಮೀಟರು ತೋರಿಸುತ್ತದೆ. ಆದರೆ ಒಂದು ಮಗುವಿನ ಅಳುವನ್ನು ಅಳೆಯಲು ಸಾಧ್ಯವೆ? ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಆದರೂ ಇದೇ ಪ್ರಶ್ನೆಯ ಸುತ್ತ ಒಂದು ವೃತ್ತಿಯೂ ಆ ವೃತ್ತಿಗೆ ಒಂದು ಪರೀಕ್ಷೆಯೂ ಬೆಳೆದುಬಂದಿವೆ. ಸ್ವಲೀನತೆ, ಅಂದರೆ ಆಟಿಸಂ, ಉಳ್ಳ ಮಕ್ಕಳೊಡನೆ ದಿನದಿನವೂ ಕುಳಿತು, ಮೇಲ್ವಿಚಾರಕರ ಯೋಜನೆಯಂತೆ ಕಲಿಸುವ ಸಹಾಯಕರನ್ನು ವರ್ತನಾ ತಂತ್ರಜ್ಞರೆಂದು ಕರೆಯುವರು. ಈ ಕೆಲಸಕ್ಕೆ ಸಿದ್ಧರಾಗುವವರು ಏನನ್ನು ಕಲಿಯಬೇಕು, ಯಾವುದರಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸ್ವಲೀನತೆ ಎಂದರೇನು?

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕಾನರ್ ಎಂಬುವರು 11 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಆ ಮಕ್ಕಳು ಇತರರೊಡನೆ ಬೆರೆಯುತ್ತಿರಲಿಲ್ಲ. ಮಾತಿನ ಬಳಕೆ ಬೇರೆ ರೀತಿಯದಾಗಿತ್ತು. ನಿತ್ಯಕ್ರಮದಲ್ಲಿ ಅಲ್ಪ ಬದಲಾವಣೆಯಾದರೂ ತಳಮಳಗೊಳ್ಳುತ್ತಿದ್ದರು. ತಾಯಿಯ ವಾತ್ಸಲ್ಯದ ಕೊರತೆಯೇ ಇದಕ್ಕೆ ಕಾರಣವೆಂದು ಒಂದು ಕಾಲಕ್ಕೆ ಹಲವರು ನಂಬಿದ್ದರು. ಆ ನಂಬಿಕೆ ಸುಳ್ಳೆಂದು ಈಗ ನಿರ್ವಿವಾದವಾಗಿ ತಿಳಿದಿದೆ. ಸ್ವಲೀನತೆಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದುದು. ಅದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ಅದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಹೆಸರಿಸಿರುವ 21 ಬಗೆಯ ವಿಕಲತೆಗಳಲ್ಲಿ ಇದೂ ಒಂದು.

ಎಣಿಕೆಯಲ್ಲಿ ಅಡಗಿರುವ ಮೋಸ

ರಾಯಚೂರು ಜಿಲ್ಲೆಯ ನೀರಮಾನ್ವಿಯಂಥ ಊರಿನಲ್ಲಿ ಐದು ವರ್ಷದ ಬಾಲಕನೊಬ್ಬನಿದ್ದಾನೆಂದು ಭಾವಿಸೋಣ. 'ಇವನು ಬಹಳ ಹಟಮಾರಿ' ಎಂದು ನೆರೆಯವರು ಹೇಳುವರು. ಇದು ತೀರ್ಪೇ ಹೊರತು ಅಳತೆಯಲ್ಲ. 'ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ಗಟ್ಟಿಯಾಗಿ ಕೂಗುವುದು' ಎಂದು ವರ್ತನೆಯನ್ನು ಮೊದಲು ಖಚಿತವಾಗಿ ನಿರೂಪಿಸಬೇಕು. ಏಕಮಾನವನ್ನು ನಿಶ್ಚಯಿಸದೆ ಉದ್ದವನ್ನು ಅಳೆಯಲಾದೀತೆ?

ಅನಂತರ ಎಣಿಕೆ. ಸೋಮವಾರ ಎರಡು ಗಂಟೆಗಳಲ್ಲಿ ಬಾಲಕನು 6 ಸಲ ಕೂಗಿದನು; ಮಂಗಳವಾರ ಅರ್ಧ ಗಂಟೆಯಲ್ಲಿ 4 ಸಲ. ಸಂಖ್ಯೆಯನ್ನಷ್ಟೇ ನೋಡಿದರೆ ಕೂಗು ಕಡಮೆಯಾದಂತೆ ತೋರುತ್ತದೆ. ಆದರೆ ದರವನ್ನು ಲೆಕ್ಕ ಹಾಕಿರಿ: ಮೊದಲ ದಿನ ಗಂಟೆಗೆ 3, ಎರಡನೆಯ ದಿನ ಗಂಟೆಗೆ 8. ದೂರ ಬೇರೆ, ವೇಗ ಬೇರೆ ಎಂಬ ಭೌತಶಾಸ್ತ್ರದ ಪಾಠವೇ ಇದು.

ಇನ್ನೊಂದು ಉದಾಹರಣೆಯನ್ನು ನೋಡೋಣ. ಬಾಲಕನು ಪ್ರತಿ 10 ಸೆಕೆಂಡುಗಳಲ್ಲಿ 2 ಸೆಕೆಂಡು ಮಾತ್ರ ಮೈಯನ್ನು ತೂಗಾಡಿಸುತ್ತಾನೆ. ಕಾಲವನ್ನು 10 ಸೆಕೆಂಡುಗಳ ತುಣುಕುಗಳನ್ನಾಗಿ ವಿಭಾಗಿಸಿ, ತುಣುಕಿನಲ್ಲಿ ಒಮ್ಮೆ ತೂಗಾಡಿದರೂ ಗುರುತು ಹಾಕುವ ಪದ್ಧತಿಯೊಂದುಂಟು. ಅದರ ಪ್ರಕಾರ ಉತ್ತರ ಶೇಕಡ 100. ನಿಜವಾಗಿ ಆತನು ತೂಗಾಡಿದ್ದು ಶೇಕಡ 20ರಷ್ಟು ಕಾಲ. ಉಪಕರಣದ ಗುಣದೋಷಗಳನ್ನು ಅರಿಯದವನಿಗೆ ಅಂಕಿಗಳು ದಾರಿ ತಪ್ಪಿಸುವುವು.

ವೀಕ್ಷಕನೂ ಇಲ್ಲಿ ಒಂದು ಉಪಕರಣವೇ. ಆದುದರಿಂದ ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡುವರು. ಒಬ್ಬರು 18, ಮತ್ತೊಬ್ಬರು 20 ಎಂದು ಎಣಿಸಿದರೆ ಹೊಂದಾಣಿಕೆ ಶೇಕಡ 90. ಇದನ್ನು ನೀವೇ ಅಭ್ಯಾಸ ಮಾಡಬಹುದು. ನಿಮ್ಮ ಅಧ್ಯಾಪಕರು ಒಂದು ಪಾಠದಲ್ಲಿ 'ಅಂದರೆ' ಎಂಬ ಶಬ್ದವನ್ನು ಎಷ್ಟು ಸಲ ಬಳಸುವರೆಂದು ನೀವೂ ನಿಮ್ಮ ಮಿತ್ರರೂ ಎಣಿಸಿ ನೋಡಿರಿ. ಅಷ್ಟು ಸುಲಭದ ಕೆಲಸದಲ್ಲಿಯೂ ಎರಡು ಎಣಿಕೆಗಳು ಕೂಡಿಬರುವುದು ಅಪರೂಪವೆಂದು ಕಾಣುವಿರಿ.

ಕೂಗಿನ ಹಿಂದೆ ಏನು, ಮುಂದೆ ಏನು?

ಅಳತೆಯಾದ ಮೇಲೆ ಕಾರಣದ ಶೋಧ. ತಾಯಿ ಜೋಳ ಬೀಸಿಸಲು ಗಿರಣಿಗೆ ಹೋಗುವಾಗ ಮಗನನ್ನೂ ಕರೆದೊಯ್ಯುತ್ತಾಳೆ. ಯಂತ್ರ ಸದ್ದು ಮಾಡತೊಡಗಿದೊಡನೆ ಬಾಲಕನು ಕಿವಿ ಮುಚ್ಚಿಕೊಂಡು ಕೂಗುತ್ತಾನೆ; ತಾಯಿ ಆತನನ್ನು ಹೊರಗೆ ಕರೆತರುತ್ತಾಳೆ. ಹಿಂದಿನ ಸಂದರ್ಭ, ವರ್ತನೆ, ಅನಂತರದ ಫಲ ಎಂದು ಮೂರು ಅಂಕಣಗಳಲ್ಲಿ ಇದನ್ನು ಬರೆದರೆ, ಹಟವೆಂದು ತೋರಿದ್ದು ಸದ್ದಿನಿಂದ ಪಾರಾಗುವ ಪ್ರಯತ್ನವೆಂಬುದು ಹೊಳೆಯುತ್ತದೆ. ಕೂಗಿದ್ದರಿಂದ ಅಹಿತವಾದ ಸದ್ದು ದೂರವಾಯಿತು. ಆದುದರಿಂದ ಮುಂದೆಯೂ ಕೂಗುವ ಸಂಭವ ಹೆಚ್ಚು. ಇದಕ್ಕೆ ಋಣ ಪುನರ್ಬಲನವೆಂದು ಹೆಸರು. ಇದನ್ನು ದಂಡನೆಯೆಂದು ತಪ್ಪು ತಿಳಿಯುವ ವಿದ್ಯಾರ್ಥಿಗಳು ಹಲವರು. ದಂಡನೆಯು ವರ್ತನೆಯನ್ನು ತಗ್ಗಿಸುತ್ತದೆ. ಪುನರ್ಬಲನವು, ಧನವಾಗಲಿ ಋಣವಾಗಲಿ, ವರ್ತನೆಯನ್ನು ಹೆಚ್ಚಿಸುತ್ತದೆ.

ಇಲ್ಲಿ ಪರಿಹಾರವೇನು? ಕೂಗದಂತೆ ಗದರಿಸುವುದಲ್ಲ. 'ಹೊರಗೆ ಹೋಗೋಣ' ಎಂಬುದನ್ನು ಮಾತಿನಿಂದಲೋ ಚಿತ್ರದ ಚೀಟಿಯಿಂದಲೋ ತಿಳಿಸಲು ಕಲಿಸಿ, ಆತನು ತಿಳಿಸಿದೊಡನೆ ಹೊರಗೆ ಕರೆತರುವುದು.

ಈ ವಿಷಯದಲ್ಲಿ ಇತಿಹಾಸವು ಒಂದು ಎಚ್ಚರಿಕೆಯನ್ನು ಕೊಡುತ್ತದೆ. 1987ರಲ್ಲಿ ಐವಾರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞರು, ವಾರಕ್ಕೆ 40 ಗಂಟೆಗಳ ಬೋಧನೆ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಯಲ್ಲಿ ಓದುವಂತಾದರೆಂದು ವರದಿ ಮಾಡಿದರು. ಆದರೆ ಮಕ್ಕಳನ್ನು ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚಿರಲಿಲ್ಲ. ಮೇಲಾಗಿ ಆ ಬೋಧನೆಯಲ್ಲಿ ಗದರಿಕೆ, ಪೆಟ್ಟು ಸಹ ಸೇರಿದ್ದುವು. ಯಾರಿಗೂ ಕೇಡಿಲ್ಲದ ಕೈಬೀಸುವಿಕೆ, ತೂಗಾಟಗಳನ್ನು ಬಲವಂತದಿಂದ ಅಡಗಿಸುವುದು ಹಿಂಸೆಯೆಂದು ಸ್ವಲೀನತೆಯುಳ್ಳ ವಯಸ್ಕರೇ ಇಂದು ಹೇಳುತ್ತಿರುವರು. ಯಾವುದನ್ನು ಬದಲಿಸಬೇಕೆಂಬ ನಿರ್ಣಯವನ್ನು ಅಳತೆಯೊಂದೇ ಮಾಡಲಾರದು. ಅದಕ್ಕೆ ವಿವೇಕವೂ ಬೇಕು.

ಪರೀಕ್ಷೆ ಮತ್ತು ಪ್ರಮಾಣಪತ್ರ

ಅಮೆರಿಕದ ವರ್ತನಾ ವಿಶ್ಲೇಷಕರ ಪ್ರಮಾಣೀಕರಣ ಮಂಡಳಿಯು 2014ರಲ್ಲಿ ನೋಂದಾಯಿತ ವರ್ತನಾ ತಂತ್ರಜ್ಞ (ಆರ್.ಬಿ.ಟಿ.) ಎಂಬ ಅರ್ಹತೆಯನ್ನು ಆರಂಭಿಸಿತು. 18 ವರ್ಷ ತುಂಬಿರಬೇಕು. 40 ಗಂಟೆಗಳ ಶಿಕ್ಷಣ ಪಡೆದು, ಪ್ರತ್ಯಕ್ಷ ಕೌಶಲದ ಪರೀಕ್ಷಣದಲ್ಲಿ ತೇರ್ಗಡೆಯಾಗಬೇಕು. ಅನಂತರ 90 ನಿಮಿಷಗಳ ಪರೀಕ್ಷೆ; ಪ್ರಶ್ನೆಗಳು 85, ಅಂಕಕ್ಕೆ ಸೇರುವುವು 75. ದತ್ತಸಂಗ್ರಹ, ವರ್ತನೆಯ ಪರಿಶೀಲನೆ, ಕಲಿಸುವ ಕ್ರಮ, ತೊಂದರೆಯ ವರ್ತನೆಯನ್ನು ತಗ್ಗಿಸುವ ಕ್ರಮ, ವರದಿ, ನೀತಿನಿಯಮಗಳು—ಇವೇ ವಿಷಯಗಳು.

ಆದರೆ ನಮ್ಮ ವಿದ್ಯಾರ್ಥಿಗಳು ತಿಳಿಯಲೇಬೇಕಾದ ಸಂಗತಿಯೊಂದುಂಟು. 2023ರ ಜನವರಿ 1ರಿಂದ ಈ ಮಂಡಳಿಯು ಭಾರತದಲ್ಲಿ ವಾಸಿಸುವವರ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. 40 ಗಂಟೆಗಳ ಪಾಠವನ್ನು ಹಣ ಕೊಟ್ಟು ಮುಗಿಸಿದ ಮಾತ್ರಕ್ಕೆ ಆರ್.ಬಿ.ಟಿ. ಪದವಿ ಕೈಸೇರುವುದಿಲ್ಲ. ಇತರ ದೇಶದವರಿಗೂ ತೆರೆದಿರುವ ಬೇರೆ ವಿದೇಶೀ ಪರೀಕ್ಷೆಗಳುಂಟು; ಆದರೆ ಅವು ನಮ್ಮ ದೇಶದ ನೋಂದಣಿಗೆ ಸಮಾನವಲ್ಲ. ಇಲ್ಲಿ 1992ರ ಅಧಿನಿಯಮದಂತೆ ಭಾರತೀಯ ಪುನರ್ವಸತಿ ಪರಿಷತ್ತು ಪುನರ್ವಸತಿ ವೃತ್ತಿಗಾರರ ಪಟ್ಟಿಯನ್ನು ಇಡುತ್ತದೆ. ವಿಶೇಷ ಶಿಕ್ಷಕರಾಗಲು ಅದು ಮಾನ್ಯ ಮಾಡಿದ ಶಿಕ್ಷಣವನ್ನೇ ಪಡೆದಿರಬೇಕು. ಹಣ ಕಟ್ಟುವ ಮುನ್ನ ಸಂಸ್ಥೆಯ ಹೆಸರು ಪರಿಷತ್ತಿನ ಪಟ್ಟಿಯಲ್ಲಿದೆಯೆ ಎಂದು ನೋಡಿಕೊಳ್ಳುವುದು ಲೇಸು.

ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಪರಿಣತರಿದ್ದಾರೆ. ಆದರೆ ರಾಯಚೂರಿನಿಂದ ಬೆಂಗಳೂರಿಗೇ ಸುಮಾರು 400 ಕಿಲೋಮೀಟರು. ಇಷ್ಟು ದೂರ ಮಗುವನ್ನು ಕರೆತಂದ ತಂದೆತಾಯಿಗಳಿಗೆ ವೈದ್ಯರ ಮುಂದೆ ಸಿಗುವ ಕಾಲ ಅಲ್ಪ. 'ಯಾವಾಗಲೂ ಕೂಗುತ್ತಾನೆ' ಎಂಬ ಮಾತಿಗಿಂತ, ಎರಡು ವಾರಗಳ ಕಾಲ ಹೊತ್ತು, ಸಂದರ್ಭ, ಸಂಖ್ಯೆಗಳನ್ನು ಬರೆದಿಟ್ಟ ಒಂದು ಪುಸ್ತಕ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರೋಗನಿರ್ಣಯವೂ ಚಿಕಿತ್ಸೆಯೂ ಪರಿಣತರ ಕೆಲಸ. ಆದರೆ ಕಂಡದ್ದನ್ನು ಕಂಡಷ್ಟೇ, ಕೂಡಿಸದೆ ಕಳೆಯದೆ ಬರೆಯುವ ವಿದ್ಯೆಯನ್ನು ಹಳ್ಳಿಯ ವಿದ್ಯಾರ್ಥಿಯೂ ಇಂದೇ ಕಲಿಯಬಹುದು. ಅದಕ್ಕೆ ಯಾವ ಮಂಡಳಿಯ ಅನುಮತಿಯೂ ಬೇಕಾಗಿಲ್ಲ.