ತಕ್ಕಡಿ ಹೇಳದ ಮಾತು

ಚಳ್ಳಕೆರೆ, ಮೊಳಕಾಲ್ಮೂರುಗಳದು ಮಳೆ ಕಡಿಮೆಯ, ಬಿಸಿಲು ಹೆಚ್ಚಿನ ಸೀಮೆ. ಮೇವಿನ ಬಣವೆಗೆ ಕಿಡಿ ತಗುಲಿದರೆ ಧಾವಿಸಬೇಕಾದವರು ಅಗ್ನಿಶಾಮಕರು. ಬಳ್ಳಾರಿ ಹೆದ್ದಾರಿಯಲ್ಲಿ ಅಪಘಾತವಾದರೆ, 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸಿನವರು. ಗಂಟೆಗಟ್ಟಲೆ ಕಾದು ಕುಳಿತು, ಕರೆ ಬಂದೊಡನೆ ಪೂರ್ಣಬಲದಿಂದ ಏಳಬೇಕಾದ ವೃತ್ತಿ ಇವರದು.

ಭೀಮನ ತೋಳ್ಬಲವನ್ನು ತರಗತಿಯಲ್ಲಿ ಬಣ್ಣಿಸುತ್ತ ಆಯುಷ್ಯ ಸವೆಸಿದವನು ನಾನು. ಸ್ನಾಯುವಿನ ನಿಜಸ್ವಭಾವ ಕಾವ್ಯಕ್ಕಿಂತ ನಿಷ್ಠುರ: ದುಡಿಸಿದರೆ ಬೆಳೆಯುತ್ತದೆ, ಬಿಟ್ಟರೆ ಕರಗುತ್ತದೆ. ವಯಸ್ಸು 30 ದಾಟಿದ ಮೇಲೆ ದಶಕಕ್ಕೆ ಸುಮಾರು ಶೇಕಡ 3ರಿಂದ 8ರಷ್ಟು ಸವೆಯುತ್ತದೆ. ಸಾಮಾನ್ಯವಾಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ. 25ರಲ್ಲಿ 70 ಕಿಲೋ ಇದ್ದವನು 50ರಲ್ಲೂ 70 ಕಿಲೋ ತೂಗಬಹುದು. ತಕ್ಕಡಿಗೆ ಎರಡು ಮೈಯೂ ಒಂದೇ. ಗಾಯಾಳು ಮಲಗಿದ ಸ್ಟ್ರೆಚರನ್ನು ಎತ್ತುವಾಗ ಒಂದಲ್ಲ. ಸೊಂಟದ ಸುತ್ತಳತೆ, ಮುಷ್ಟಿಯ ಹಿಡಿತ, ಮೆಟ್ಟಿಲೇರುವಾಗಿನ ಉಸಿರು ಹೆಚ್ಚು ನಂಬತಕ್ಕ ಸಾಕ್ಷಿಗಳು.

ಹೃದಯದ ಮಾತು ಇನ್ನೂ ಗಂಭೀರ. ಅಮೆರಿಕದಲ್ಲಿ ಕರ್ತವ್ಯದ ವೇಳೆ ಮಡಿದ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯನ್ನು ಕೊಂದದ್ದು ಜ್ವಾಲೆಯಲ್ಲ, ಹೃದಯದ ಹಠಾತ್ ಸ್ತಂಭನ. ಭಾರದ ಉಡುಪು, ಕಾವು, ಬೆವರಿನಲ್ಲಿ ಹರಿದುಹೋದ ನೀರು ಎಲ್ಲವೂ ಹೃದಯಕ್ಕೇ ಹೊರೆ.

ನೇಮಕದ ವೇಳೆ ಓಡಿಸಿ ನೋಡುತ್ತೇವೆ. 50ರ ವಯಸ್ಸಿನಲ್ಲೂ ವರ್ಷಕ್ಕೊಮ್ಮೆ ನೋಡಬೇಕು; ಸೋತವನನ್ನು ಹೊರಹಾಕುವುದಕ್ಕಲ್ಲ, ಕರ್ತವ್ಯದ ವೇಳೆಯಲ್ಲಿಯೇ ಅವನಿಗೆ ವ್ಯಾಯಾಮದ ಬಿಡುವು ಕೊಡುವುದಕ್ಕೆ.