ಗದ್ದೆಯ ಇಲಿ ಮತ್ತು ಇಲಿಜ್ವರ

ಬತ್ತದ ಬೆಳೆಗೆ ಇಲಿಯಿಂದಾಗುವ ನಷ್ಟ ರೈತರಿಗೆ ಹೊಸದಲ್ಲ. ಅದೇ ಇಲಿಯ ಮೂತ್ರದಿಂದ ಮನುಷ್ಯರಿಗೆ ಇಲಿಜ್ವರವೂ ಬರುತ್ತದೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಸುತ್ತಮುತ್ತ ಕೆಸರುಗದ್ದೆಗಿಳಿದು ದುಡಿಯುವವರೆಲ್ಲರೂ ಇದನ್ನು ಅರಿತಿರಬೇಕು.

ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಾಣು ಈ ರೋಗಕ್ಕೆ ಕಾರಣ. ಇಲಿಯ ಮೂತ್ರದೊಡನೆ ಗದ್ದೆಯ ನೀರಿಗೆ ಸೇರುವ ಇದು ತೇವದ ಮಣ್ಣಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ದನ, ಹಂದಿ, ನಾಯಿಗಳ ಮೂತ್ರದಿಂದಲೂ ಹರಡುವುದುಂಟು. ಕಾಲಿನ ಗಾಯ, ಒಡೆದ ಹಿಮ್ಮಡಿ, ಕಣ್ಣು, ಬಾಯಿಗಳ ಮೂಲಕ ದೇಹವನ್ನು ಸೇರುತ್ತದೆ.

ಸಾಮಾನ್ಯವಾಗಿ 5 ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡದ ನೋವು ಕಾಣಿಸಿಕೊಂಡು ಕಣ್ಣು ಕೆಂಪಾಗುತ್ತದೆ. ಉಲ್ಬಣಿಸಿದರೆ ಕಾಮಾಲೆಯಾಗಿ ಮೂತ್ರ ಕಡಿಮೆಯಾಗುತ್ತದೆ, ಪ್ರಾಣಾಪಾಯವೂ ಉಂಟು. ಬರಿಯ ಕಾಮಾಲೆಯೆಂದು ಬಗೆದು ನಾಟಿ ಔಷಧದಲ್ಲಿ ದಿನ ಕಳೆಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಿ, ಗದ್ದೆಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ಗಳಂಥ ಔಷಧಗಳನ್ನು ಬೇಗ ಕೊಟ್ಟಷ್ಟೂ ಗುಣ ಹೆಚ್ಚು.

ಮುಂಜಾಗ್ರತಾ ಕ್ರಮಗಳು:

1. ಗಾಯವಿದ್ದರೆ ನೀರು ತಾಗದಂತೆ ಪಟ್ಟಿ ಕಟ್ಟಬೇಕು. ಸಾಧ್ಯವಿದ್ದಲ್ಲಿ ಗಂಬೂಟು ಧರಿಸಬೇಕು.

2. ಕೆಲಸ ಮುಗಿದೊಡನೆ ಕೈಕಾಲುಗಳನ್ನು ಶುದ್ಧ ನೀರು, ಸೋಪಿನಿಂದ ತೊಳೆಯಬೇಕು. ಗದ್ದೆಯ ನೀರಿನಲ್ಲಿ ಬಾಯಿ ಮುಕ್ಕಳಿಸಬಾರದು.

3. ನಾಟಿಗೆ ಮುಂಚೆ ಬದುಗಳ ಕಳೆ ಸವರಿ, ಸಂಜೆ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಮರುದಿನ ತೆರೆದಿರುವ ಬಿಲಗಳಲ್ಲಿ ಇಲಿಯಿದೆಯೆಂದು ತಿಳಿದು, ಅವುಗಳೊಳಗೆ ಮಾತ್ರ ಶೇಕಡಾ 0.005ರ ಬ್ರೋಮಾಡಿಯೋಲೋನ್ ಬಿಲ್ಲೆ ಇಡಬೇಕು.

4. ಸತ್ತ ಇಲಿಗಳನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಬೇಕು.

ಒಬ್ಬರ ಗದ್ದೆಯಲ್ಲಿ ಮಾತ್ರ ಇಲಿ ಹಿಡಿದರೆ ಪಕ್ಕದ ಗದ್ದೆಯಿಂದ ಮತ್ತೆ ಬರುತ್ತವೆ. ಊರಿನ ರೈತರೆಲ್ಲರೂ ಒಂದೇ ವಾರದಲ್ಲಿ ಈ ಕೆಲಸ ಕೈಗೊಂಡರೆ ಬೆಳೆಯೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.